ಒಂದು ದಿನದ ಸುತ್ತಾಟಕ್ಕೆ ಕಾರೋ, ರೈಲೋ?

ನಿವೃತ್ತಿಯಾದ ಮೇಲೆ ಗಂಡ-ಹೆಂಡತಿ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವುದಾದರೆ ನನ್ನ ಮತ ರೈಲಿಗೇ. ಕಾರಿನಲ್ಲಿ ಒಬ್ಬರ ಕಣ್ಣು ಸದಾ ರಸ್ತೆಯ ಮೇಲಿರಬೇಕು. ರೈಲಿನಲ್ಲಿ ಇಬ್ಬರೂ ಒಂದೇ ಕಿಟಕಿಯಿಂದ ಕೆರೆಯಂಚಿನ ಕೊಕ್ಕರೆ ನೋಡುತ್ತಾ ಹೋಗಬಹುದು. ಕಾಲು ಜೋಮು ಹಿಡಿದರೆ ಎದ್ದು ನಾಲ್ಕು ಹೆಜ್ಜೆ ಓಡಾಡಲೂ ಆಗುತ್ತದೆ.

ಆದರೆ ಮಂಡಿನೋವಿದ್ದವರಿಗೆ ನಿಲ್ದಾಣದ ಮೆಟ್ಟಿಲು ನಿಜಕ್ಕೂ ಕಷ್ಟ. ಅಂಥವರಿಗೆ ಕಾರೇ ಸರಿ. ಬೇಕೆಂದಲ್ಲಿ ನಿಲ್ಲಿಸಬಹುದು, ಮಡಚುವ ಕುರ್ಚಿ, ಮಾತ್ರೆ ಡಬ್ಬಿ, ಫ್ಲಾಸ್ಕ್ ಎಲ್ಲ ಡಿಕ್ಕಿಯಲ್ಲಿ. ಗಂಟೆಗೊಮ್ಮೆ ಇಳಿದು ಕಾಲಾಡಿಸಿ. ಕಣ್ಣಿಗೆ ಪೊರೆ ಬರುತ್ತಿದ್ದರೆ ರಾತ್ರಿ ಎದುರಿನ ವಾಹನದ ಬೆಳಕು ಕಣ್ಣು ಕುಕ್ಕುತ್ತದೆ, ಕತ್ತಲಾಗುವ ಮುನ್ನ ಮನೆ ಸೇರಿ.

ಎರಡರಲ್ಲಿ ಯಾವುದಾದರೂ ವಾರದ ನಡುವೆಯೇ ಹೊರಡಿ, ಜನಜಂಗುಳಿ ಕಡಿಮೆ. ವಯಸ್ಸಾದಂತೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ನೆನಪಿಟ್ಟು ನೀರು ಕುಡಿಯಿರಿ.