ಹೊಸದು, ದೊಡ್ಡದು ಅಂತ ಸೆಕೆಂಡ್ ಹ್ಯಾಂಡ್ ಹಾಯಿದೋಣಿ ಕೊಳ್ಳುವ ಮುನ್ನ ಕೀಲ್ ನೋಡಿ

ಕೈಯಲ್ಲಿರುವ ದುಡ್ಡಿಗೆ ಚಿಕ್ಕ ಹಳೆಯ ಹಾಯಿದೋಣಿ ತಗೊಳ್ಳೋದಾ, ದೊಡ್ಡ ಹೊಸದು ತಗೊಳ್ಳೋದಾ ಅಂತ ತಲೆ ಕೆಡಿಸಿಕೊಂಡಿರುವವರು ಬ್ರೋಕರ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ. ದೋಣಿಗೆ ಕೊಟ್ಟ ದುಡ್ಡಿನ ಮೂರನೇ ಒಂದು ಭಾಗದಷ್ಟು ನನಗೆ ಮತ್ತೆ ಖರ್ಚಾಗಿದೆ, ಅದೂ ಕಣ್ಣಿಗೆ ಕಾಣದ ಜಾಗಕ್ಕೆ.

ನಾನು ನೋಡಿದ್ದು ಎರಡು ದೋಣಿ. ಒಂದು 1974ರದು, 30 ಅಡಿ. ಉದ್ದ ಕೀಲ್ (ದೋಣಿ ಮಗುಚದಂತೆ ತಳದಲ್ಲಿರುವ ಭಾರದ ಭಾಗ), ಅದರ ಭಾರವೆಲ್ಲ ಫೈಬರ್‌ಗ್ಲಾಸ್ ಹಲ್‌ನ, ಅಂದರೆ ದೋಣಿಯ ಮೈಯ, ಒಳಗೇ ಮುಚ್ಚಿಹೋಗಿದೆ. ಇನ್ನೊಂದು 2001ರದು, 39 ಅಡಿ. ಅಗಲವಾದ ಹಿಂಭಾಗ, ಎರಡು ಕ್ಯಾಬಿನ್, ತಳಕ್ಕೆ ಬೋಲ್ಟ್ ಹಾಕಿ ಕೂರಿಸಿದ, ಮೀನಿನ ರೆಕ್ಕೆಯಂಥ ಎರಕದ ಕಬ್ಬಿಣದ ಫಿನ್ ಕೀಲ್. ಹಳೆಯದಕ್ಕೆ ಬೆಲೆ ತುಂಬಾ ಕಡಿಮೆ. ಆದರೆ ಅದನ್ನು ಸರಿಪಡಿಸುವ ಖರ್ಚು ಸೇರಿಸಿದರೆ ಎರಡೂ ಹತ್ತಿರ ಹತ್ತಿರ ಬರುತ್ತಿದ್ದವು.

ದೊಡ್ಡದರ ಕಡೆ ಮನಸ್ಸು ವಾಲುವುದಕ್ಕೆ ಕಾರಣ ಇತ್ತು. ಇಂಥ ದೋಣಿಯ ವೇಗ ನೀರಿಗೆ ತಾಗುವ ಉದ್ದದ ಮೇಲೆ ನಿಂತಿದೆ. ಅಡಿಗಳಲ್ಲಿ ಆ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಹೆಚ್ಚುಕಡಿಮೆ ಗರಿಷ್ಠ ವೇಗ ಸಿಗುತ್ತದೆ. ಹಳೆಯದಕ್ಕೆ ಮುಂದೆ ಹಿಂದೆ ಚಾಚು ಜಾಸ್ತಿ, ನೀರಿನಲ್ಲಿರುವುದು 22 ಅಡಿ ಮಾತ್ರ. ಅಂದರೆ 6.3 ನಾಟ್ (ಗಂಟೆಗೆ 6.3 ನಾಟಿಕಲ್ ಮೈಲಿ). ಹೊಸದರದು 34 ಅಡಿ, 7.8 ನಾಟ್. ಗಾಳಿ ಚೆನ್ನಾಗಿದ್ದರೆ ಒಂದು ಹಗಲು ರಾತ್ರಿಗೆ 36 ನಾಟಿಕಲ್ ಮೈಲಿ ವ್ಯತ್ಯಾಸ. ಬ್ರೋಕರ್ ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿದ್ದರು.

ಅವರು ಹೇಳದ ಲೆಕ್ಕ ಇನ್ನೊಂದಿದೆ. ಉದ್ದ 1.3 ಪಟ್ಟು ಆದರೆ ಒಟ್ಟು ಗಾತ್ರ ಸುಮಾರು 2.2 ಪಟ್ಟು ಆಗುತ್ತದೆ. ಲಂಗರು, ಹಗ್ಗ, ವಿಂಚ್, ಹಾಯಿ, ಹಾಯಿ ಕಟ್ಟುವ ಕೂವೆಕಂಬವನ್ನು ಹಿಡಿದಿಡುವ ತಂತಿ, ಎಲ್ಲವೂ ಅದರ ಹಿಂದೆಯೇ ದಪ್ಪವಾಗುತ್ತಾ ಹೋಗುತ್ತವೆ. ಖರ್ಚೂ ಅಷ್ಟೇ.

ಕೊನೆಗೆ ದೊಡ್ಡದನ್ನೇ ಕೊಳ್ಳಲು ಹೊರಟೆ. ದೋಣಿಯನ್ನು ಪರೀಕ್ಷಿಸುವ ಸರ್ವೇಯರನ್ನು ಬ್ರೋಕರೇ ಗೊತ್ತು ಮಾಡಿಕೊಟ್ಟರು. ರಿಪೋರ್ಟ್ ದಪ್ಪವಾಗಿತ್ತು, ಫೋಟೋಗಳೂ ಚೆನ್ನಾಗಿದ್ದವು. ಕೀಲ್ ಬಗ್ಗೆ ಇದ್ದದ್ದು ಒಂದೇ ಸಾಲು: ಕಂಡಷ್ಟರ ಮಟ್ಟಿಗೆ ತೃಪ್ತಿಕರ. ಬಿಲ್ಜ್‌ಗೆ, ಅಂದರೆ ನೆಲದ ಹಲಗೆಯ ಕೆಳಗಿನ ತಳಕ್ಕೆ, ಹೊಸದಾಗಿ ಬಿಳಿ ಬಣ್ಣ ಹೊಡೆದಿದ್ದರು. ಮಾಲೀಕರು ಎಷ್ಟು ಅಚ್ಚುಕಟ್ಟು ನೋಡಿ ಅಂತ ಬ್ರೋಕರ್ ಅದನ್ನೇ ಹೊಗಳಿದರು. ದೋಣಿ ಯಾವತ್ತಾದರೂ ನೀರಿನ ತಳಕ್ಕೆ ತಗುಲಿದೆಯಾ ಅಂತ ಮಾಲೀಕರನ್ನು ನೇರವಾಗಿ ಕೇಳಿದೆ. ಇಲ್ಲ ಅಂದರು. ವ್ಯಾಪಾರ ಮುಗಿಯಿತು.

ಆ ವರ್ಷದ ಹಾಯಿಯಾನದ ಋತು ಮುಗಿದ ಮೇಲೆ ದೋಣಿಯನ್ನು ನೀರಿನಿಂದ ಎತ್ತಿಸಿದೆ. ಕೀಲ್ ಮತ್ತು ಹಲ್ ಸೇರುವ ಕಡೆ, ಮುಂಭಾಗದಲ್ಲಿ, ಕೂದಲೆಳೆಯ ಬಿರುಕು. ಒರೆಸಿದಷ್ಟೂ ಅಲ್ಲಿಂದ ತುಕ್ಕಿನ ನೀರು ಜಿನುಗುತ್ತಿತ್ತು. ದೋಣಿ ರಿಪೇರಿ ಯಾರ್ಡಿನ ಹಿರಿಯ ಮೇಸ್ತ್ರಿ ಬಿರುಕನ್ನು ನೋಡಿದವರೇ ಸೀದಾ ಒಳಗೆ ಹೋಗಿ ನೆಲದ ಹಲಗೆ ಎತ್ತಿದರು. ಕೀಲ್‌ನ ಮುಂದಿನ ಅಂಚು ಬಂಡೆಗೆ ಬಡಿದರೆ ಅದರ ಹಿಂದಿನ ತುದಿ ಮೇಲಕ್ಕೆ, ಹಲ್‌ನೊಳಕ್ಕೆ ಒತ್ತುತ್ತದೆ. ಹೊರಗೆ ಮುಂದೆ ಬಿರುಕು ಕಂಡರೆ ಒಳಗೆ ಹಿಂದೆ ನೋಡಬೇಕು. ಆ ಬಿಳಿ ಬಣ್ಣವನ್ನು ಅವರು ಉಳಿಯಿಂದ ಹೆರೆದರು. ಕೆಳಗೆ ಬೂದು ಬಣ್ಣದ ಫಿಲ್ಲರ್. ಅದರ ಕೆಳಗೆ, ಹಲ್‌ಗೆ ಬಲ ಕೊಡಲು ಅಂಟಿಸಿದ ಒಳಚೌಕಟ್ಟು ಒಂದು ಗೇಣುದ್ದಕ್ಕೆ ಬಿಟ್ಟುಕೊಂಡಿತ್ತು. ತೆಳ್ಳಗಿನ ಉಕ್ಕಿನ ಪಟ್ಟಿ ಸಂದಿಯೊಳಗೆ ಸಲೀಸಾಗಿ ಜಾರಿ ಹೋಯಿತು. ಮೇಲೆ ಥಳಕು, ಒಳಗೆ ಹುಳುಕು.

ಇದು ಸುಮ್ನೆ ಹೆದರಿಸುವ ಮಾತಲ್ಲ. 2014ರ ಮೇ ತಿಂಗಳಲ್ಲಿ ಚೀಕಿ ರಫೀಕಿ ಎಂಬ ಸುಮಾರು 40 ಅಡಿಯ ಹಾಯಿದೋಣಿಯ ಕೀಲ್ ಅಟ್ಲಾಂಟಿಕ್ ನಡುವೆ ಕಳಚಿಹೋಗಿ ಅದರಲ್ಲಿದ್ದ ನಾಲ್ವರೂ ಪ್ರಾಣ ಕಳೆದುಕೊಂಡರು. ದೋಣಿ ಅದಕ್ಕೂ ಮೊದಲು ತಳಕ್ಕೆ ತಗುಲಿದ್ದನ್ನೂ, ಅಂಟಿಸಿದ ಚೌಕಟ್ಟು ಬಿಟ್ಟುಕೊಂಡರೆ ಪತ್ತೆಹಚ್ಚುವುದು ಎಷ್ಟು ಕಷ್ಟ ಅನ್ನುವುದನ್ನೂ ಬ್ರಿಟನ್ನಿನ ಸಾಗರ ಅಪಘಾತ ತನಿಖಾ ವಿಭಾಗ ವರದಿಯಲ್ಲಿ ಬರೆದಿದೆ. ನನ್ನ ದೋಣಿಯಲ್ಲಿ ಮನೆಯವರೆಲ್ಲ ಕೂತು ಹೋಗಿ ಬಂದಿದ್ದೆವು. ಆ ವರದಿ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಹಾಗಂತ ಹಳೆಯದೆಲ್ಲ ಗಟ್ಟಿ ಅಂತ ಹೊರಡಬೇಡಿ. ಆ 1974ರ ದೋಣಿಯ ಡೆಕ್ ಮೇಲೆ ಅಂಚಿನ ಕಂಬಿಗಳ ಬುಡದಲ್ಲಿ ಕಾಲಿಟ್ಟರೆ ಮೆತ್ತಗೆ ತಗ್ಗುತ್ತಿತ್ತು. ಫೈಬರ್‌ಗ್ಲಾಸ್‌ನ ಎರಡು ಪದರದ ನಡುವೆ ಬಾಲ್ಸಾ ಮರ ಇರುತ್ತದೆ. ಸ್ಕ್ರೂ ತೂತಿನ ಸೀಲ್ ಹೋದರೆ ನೀರು ಇಳಿದು ಅದು ಕೊಳೆಯುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಗಟ್ಟಿ ಇರುವಲ್ಲಿ ಟಣ್ ಅನ್ನುತ್ತದೆ, ಕೊಳೆತಲ್ಲಿ ಡಬ್. ಡೆಕ್ ಬಿಚ್ಚಿ ನಡುವಿನ ಮರವನ್ನು ಹೊಸದಾಗಿ ಹಾಕುವುದು ಬೆನ್ನು ಮುರಿಯುವ ಕೆಲಸ. ಎಂಜಿನ್ ಪೆಟ್ರೋಲಿನದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜ್‌ನಲ್ಲಿ ಇಳಿದು ಕೂರುತ್ತದೆ. ಪ್ರತಿ ಸಲ ಆವಿ ಹೊರಹಾಕುವ ಬ್ಲೋವರ್ ಓಡಿಸಿಯೇ ಸ್ಟಾರ್ಟ್ ಮಾಡಬೇಕು. ಆದರೆ ಇದನ್ನೆಲ್ಲ ಅದರ ಮಾಲೀಕರೇ ತಟ್ಟಿ ತೋರಿಸಿದ್ದರು, ಕೈಯಲ್ಲಿ ಬರೆದ ಪಟ್ಟಿಯನ್ನೂ ಕೊಟ್ಟಿದ್ದರು. ಕೀಲ್ ಕಳಚುವ ಭಯ ಅಲ್ಲಿ ಇರಲಿಲ್ಲ, ಕಳಚುವುದಕ್ಕೆ ಬೋಲ್ಟೇ ಇಲ್ಲ ಅಲ್ವಾ. ತಳ ತಗುಲಿ ಸಿಪ್ಪೆ ಒಡೆದು ಒಳಗೆ ನೀರು ಸೇರಿದೆಯಾ ಅಂತ ಮಾತ್ರ ನೋಡಿಕೊಳ್ಳಬೇಕು.

ಜಾಹೀರಾತಿನಲ್ಲಿರುವ ಇಸವಿ ಹಲ್ ತಯಾರಾದ ವರ್ಷವನ್ನಷ್ಟೇ ಹೇಳುತ್ತದೆ. ಕೂವೆಕಂಬದ ತಂತಿಗಳು ಯಾವ ವರ್ಷದ್ದು ಅಂತ ಬಿಲ್ ಕೇಳಿ, ಹತ್ತು ವರ್ಷ ದಾಟಿದ್ದರೆ ಎಷ್ಟೋ ವಿಮಾ ಕಂಪನಿಗಳು ತಗಾದೆ ತೆಗೆಯುತ್ತವೆ. ಸೇಲ್‌ಡ್ರೈವ್ (ಎಂಜಿನ್‌ನಿಂದ ಹಲ್ ತೂರಿ ನೀರಿಗಿಳಿದು ಪ್ರೊಪೆಲ್ಲರ್ ತಿರುಗಿಸುವ ಕಾಲು) ಇದ್ದರೆ ಹಲ್‌ನ ತೂತು ಮುಚ್ಚುವ ರಬ್ಬರ್ ಡಯಾಫ್ರಾಮ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿ. ಅದನ್ನು ತಯಾರಿಸುವ ವೋಲ್ವೋ ಪೆಂಟಾ ಕಂಪನಿಯವರು ಏಳು ವರ್ಷಕ್ಕೊಮ್ಮೆ ಅನ್ನುತ್ತಾರೆ. ನನ್ನದರಲ್ಲಿ ಅದನ್ನು ಯಾರೂ ಮುಟ್ಟಿದ ಹಾಗೇ ಇರಲಿಲ್ಲ.

ಸರ್ವೇಯರನ್ನು ನೀವೇ ಹುಡುಕಿ. ಬ್ರೋಕರ್ ಕೊಡುವ ಪಟ್ಟಿಯಲ್ಲಿ ಇಲ್ಲದವರಾದರೆ ಇನ್ನೂ ಒಳ್ಳೆಯದು. ದೋಣಿಯನ್ನು ನೀರಿನಿಂದ ಎತ್ತಿಸಿ, ನೆಲದ ಹಲಗೆಗಳನ್ನೆಲ್ಲ ತೆಗೆಸಿ, ನೀವೂ ಪಕ್ಕದಲ್ಲಿ ನಿಂತು ನೋಡಿ. ಬೇರೆಲ್ಲ ಹಳೆಯದಾಗಿದ್ದು ಬಿಲ್ಜ್ ಮಾತ್ರ ಮಿಂಚುತ್ತಿದ್ದರೆ ಬಣ್ಣ ಯಾಕೆ ಹೊಡೆದಿರಿ ಅಂತ ಕೇಳಿ. ತಳಕ್ಕೆ ತಗುಲಿಲ್ಲ ಅನ್ನುವ ಮಾತನ್ನು ಮಾಲೀಕರ ಸಹಿಯ ಸಮೇತ ಕರಾರಿನಲ್ಲೇ ಬರೆಸಿಕೊಳ್ಳಿ. ನನ್ನ ಕರಾರಿನಲ್ಲಿ ‘ಇದ್ದ ಹಾಗೆ’ ಅಂತ ಮಾತ್ರ ಇತ್ತು, ಅವರು ಬಾಯಲ್ಲಿ ಹೇಳಿದ ‘ಇಲ್ಲ’ಕ್ಕೆ ಸಾಕ್ಷಿ ಇಲ್ಲ ಅಂತ ವಕೀಲರು ಕೈ ಚೆಲ್ಲಿದರು. ಕೀಲ್ ಈಗ ಕೆಳಗಿಳಿದು ಯಾರ್ಡಿನಲ್ಲಿದೆ, ಚೌಕಟ್ಟಿನ ಕೆಲಸ ಇನ್ನೂ ಮುಗಿದಿಲ್ಲ.