ಮೇಕಪ್ ಬ್ರಷ್ ಕೇರ್ ಸೆಟ್ ರಿವ್ಯೂ: ಸೋಪು ಪರವಾಗಿಲ್ಲ, ಬಲೆ ಕವರ್ ಸೂಪರ್, ಸ್ಪಿನ್ನರ್ ಬೇಡವೇ ಬೇಡ

ಈ ಸೆಟ್‌ನಲ್ಲಿ ಬರೋದು ನಾಲ್ಕು ಐಟಂ. ಡಬ್ಬಿಯಲ್ಲಿರೋ ಗಟ್ಟಿ ಸೋಪು, ಉಬ್ಬುತಗ್ಗು ಇರೋ ಸಿಲಿಕೋನ್ ಮ್ಯಾಟ್, ಬ್ರಷ್ ತಲೆಗೆ ಹಾಕೋ ಬಲೆ ಥರದ ಕವರ್‌ಗಳು, ಆಮೇಲೆ ಬ್ಯಾಟರಿಯಲ್ಲಿ ತಿರುಗೋ ಒಂದು ಸ್ಪಿನ್ನರ್. ಇದೇ ನಾಲ್ಕನ್ನ ಎಷ್ಟೋ ಕಂಪನಿಗಳು ತಮ್ಮ ತಮ್ಮ ಹೆಸರು ಹಾಕಿ ಮಾರ್ತಾವೆ, ಹಾಗಾಗಿ ಬ್ರ್ಯಾಂಡ್ ಸುದ್ದಿ ಬಿಟ್ಟು ಯಾವ ಐಟಂ ನಿಜವಾಗಿ ಏನು ಕೆಲಸ ಮಾಡತ್ತೆ ಅಂತಷ್ಟೇ ಬರೀತೀನಿ. ಟೆಸ್ಟ್ ಮಾಡಿದ್ದೆಲ್ಲ ಹಳೇ ಬ್ರಷ್‌ಗಳ ಮೇಲೆ, ಫೌಂಡೇಶನ್ ಕಟ್ಟಿಕೊಂಡು ಗಟ್ಟಿಯಾಗಿರೋದು, ಕೂದಲು ನಾಲ್ಕು ದಿಕ್ಕಿಗೂ ಕೆದರಿರೋದು, ಹಿಡಿ ಅಲ್ಲಾಡೋದು ಇಂಥವು. ಹೊಸ ಬ್ರಷ್ ಯಾವುದ್ರಲ್ಲಿ ತೊಳೆದ್ರೂ ಚೆನ್ನಾಗೇ ಕಾಣತ್ತೆ ಅದ್ರಿಂದ ಏನೂ ಗೊತ್ತಾಗಲ್ಲ.

ಮೊದಲು ಸೋಪು. ಸಿಂಥೆಟಿಕ್ ಬ್ರಷ್‌ಗಳಿಗೆ ನಿಜಕ್ಕೂ ಒಳ್ಳೇದು. ಒದ್ದೆ ಬ್ರಷ್‌ನ ಡಬ್ಬಿ ಮೇಲೆ ಮೆಲ್ಲಗೆ ತಿರುಗಿಸಿ, ಮ್ಯಾಟ್ ಮೇಲೆ ಉಜ್ಜಿದ್ರೆ ಕಂದು ಬಣ್ಣದ ನೊರೆ ಬರ್ತಾನೇ ಇರತ್ತೆ, ನೊರೆ ಬಿಳಿ ಆಗೋವರೆಗೂ ಬಿಡಬೇಡಿ. ಆದ್ರೆ ವಾಟರ್‌ಪ್ರೂಫ್ ಫೌಂಡೇಶನ್, ಕ್ರೀಮ್ ಕನ್ಸೀಲರ್ ಇಂಥದ್ರಲ್ಲಿ ಮೇಣ, ಸಿಲಿಕೋನ್ ಇರತ್ತೆ, ಅದಕ್ಕೆ ಸೋಪು ಒಂದೇ ಸಾಲಲ್ಲ. ಎರಡು ಹನಿ ಅಡುಗೆ ಎಣ್ಣೆನೋ ಕ್ಲೆನ್ಸಿಂಗ್ ಆಯಿಲ್ಲೋ ಹಚ್ಚಿ ಬೆರಳಲ್ಲಿ ಹಿಸುಕಿ, ಕಟ್ಟಿಕೊಂಡಿರೋ ಜಿಡ್ಡು ಕರಗಿದ ಮೇಲೆ ಸೋಪು ಹಾಕಿ. ಈ ಒಂದು ಹೆಜ್ಜೆ ಪ್ಯಾಕ್ ಮೇಲೆ ಎಲ್ಲೂ ಬರೆದಿಲ್ಲ, ಬರೀಬೇಕಿತ್ತು, ಯಾಕಂದ್ರೆ ಗಟ್ಟಿಯಾಗಿರೋ ಫೌಂಡೇಶನ್ ಬ್ರಷ್ ಮತ್ತೆ ಮೆತ್ತಗಾಗೋದು ಇದರಿಂದಲೇ.

ಮೇಕೆ ಕೂದಲು, ಅಳಿಲಿನ ಕೂದಲಿನ ಬ್ರಷ್ ಇದ್ರೆ ಮಾತ್ರ ಈ ಸೋಪು ಬೇಡ ಅಂತೀನಿ. ಸೋಪು ಅಂದ್ರೆ ಸಾಮಾನ್ಯವಾಗಿ ಪಿಎಚ್ 9ರಿಂದ 10ರ ಹತ್ರ ಇರತ್ತೆ, ಪ್ರಾಣಿ ಕೂದಲು ನಮ್ಮ ತಲೆಕೂದಲಿನ ಹಾಗೇ ಕೆರಾಟಿನ್, ಅದರ ಮೇಲ್ಪದರದ ಸಣ್ಣ ಸಣ್ಣ ಪೊರೆಗಳು ಇಂಥ ಕ್ಷಾರದಲ್ಲಿ ಎದ್ದು ನಿಂತು ಕೂದಲು ಒರಟಾಗತ್ತೆ, ಮುಖಕ್ಕೆ ಹಚ್ಚಿದ್ರೆ ಚುಚ್ಚತ್ತೆ. ಮಕ್ಕಳ ಶಾಂಪೂ ಥರದ ಸೌಮ್ಯವಾದದ್ದು ಸಾಕು, ಯಾವಾಗಾದ್ರೊಮ್ಮೆ ತುದಿಗೆ ಚೂರು ಕಂಡೀಷನರ್ ಹಚ್ಚಿ ಪೂರ್ತಿ ತೊಳೀರಿ. ಸಿಂಥೆಟಿಕ್‌ಗೆ ಕಂಡೀಷನರ್ ಹಾಕೋರಿದ್ದಾರೆ, ಅದಕ್ಕೆ ಅದರಿಂದ ಏನೂ ಉಪಯೋಗ ಇಲ್ಲ, ಜಿಡ್ಡು ಉಳಿದು ಪೌಡರ್ ಗಂಟು ಗಂಟಾಗತ್ತೆ ಅಷ್ಟೇ.

ಮ್ಯಾಟ್ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಚೆನ್ನಾಗಿದೆ, ಅಂಗೈಯಲ್ಲಿ ಉಜ್ಜಿದ್ರೂ ನಡೆಯತ್ತೆ. ಕಣ್ಣಿನ ಸಣ್ಣ ಬ್ರಷ್‌ಗಳನ್ನ ಅದರ ಮೇಲೆ ಒತ್ತಿ ಉಜ್ಜಬೇಡಿ, ತುದಿ ಒಡೆದುಹೋಗತ್ತೆ.

ಈಗ ಬಲೆ ಕವರ್. ಇಡೀ ಸೆಟ್‌ನಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಇದೇ, ನೋಡೋಕೆ ಏನೂ ಅಲ್ಲ, ಪ್ಲಾಸ್ಟಿಕ್ ದಾರದಲ್ಲಿ ಹೆಣೆದಿರೋ ಉದ್ದ ಕೊಳವೆ. ಆದ್ರೆ ಕೆದರಿದ ಬ್ರಷ್ ಸರಿ ಹೋಗೋದು ತೊಳೆಯುವಾಗ ಅಲ್ಲ, ಒಣಗುವಾಗ. ಒದ್ದೆ ಕೂದಲು ಯಾವ ಆಕಾರದಲ್ಲಿ ಒಣಗತ್ತೋ ಆ ಆಕಾರವನ್ನೇ ಹಿಡ್ಕೊಳತ್ತೆ. ತೊಳೆದ್ಮೇಲೆ ಟವೆಲ್‌ನಲ್ಲಿ ಒತ್ತಿ ನೀರು ತೆಗೀರಿ (ಹಿಂಡಬೇಡಿ, ತಿರುಚಬೇಡಿ ದಯವಿಟ್ಟು), ಬೆರಳಲ್ಲಿ ಆಕಾರ ಕೊಡಿ, ಆಮೇಲೆ ಕವರ್‌ನ ಹಿಡಿಯ ತುದಿಯಿಂದ ತೂರಿಸಿ ಮೇಲಕ್ಕೆ ಎಳೀರಿ. ಕೂದಲಿನ ಕಡೆಯಿಂದ ತೂರಿಸಿದ್ರೆ ಎಳೆಗಳೆಲ್ಲ ಹಿಂದಕ್ಕೆ ಮಡಚಿ ಇರೋದೂ ಕೆಡತ್ತೆ. ಉಬ್ಬಿ ದುಂಡಗಾಗಿದ್ದ ಪೌಡರ್ ಬ್ರಷ್ ಎರಡು ಮೂರು ಸಲ ಹೀಗೆ ಒಣಗಿದ ಮೇಲೆ ಮೊದಲಿನ ಮೊನಚು ಪಡ್ಕೊಂಡಿದ್ದು ನೋಡಿ ನನಗೆ ನಿಜಕ್ಕೂ ಖುಷಿ ಆಯ್ತು. ಒಂದು ಕೊರತೆ ಅಂದ್ರೆ ಕವರ್ ಒಳಗೆ ನಿಧಾನ ಒಣಗತ್ತೆ, ಗಿಡ್ಡ ಹಿಡಿಯ ದಟ್ಟ ಕಬುಕಿ ಬ್ರಷ್‌ಗೆ ಒಂದು ರಾತ್ರಿ ಸಾಲಲ್ಲ, ಮೇಲೆ ಒಣಗಿದ ಹಾಗಿದ್ರೂ ಒಳಗೆ ತೇವ ಇರತ್ತೆ, ಆಗಲೇ ಪೌಚ್‌ಗೆ ಹಾಕಿದ್ರೆ ಮುಗ್ಗಲು ವಾಸನೆ ಗ್ಯಾರಂಟಿ. ಇನ್ನೊಂದು, ಸಣ್ಣ ಐಲೈನರ್ ಬ್ರಷ್‌ಗೆ ಹಿಡಿಯೋ ಸೈಜ್ ಈ ಸೆಟ್‌ನಲ್ಲಿ ಇಲ್ಲ.

ಕವರ್ ಹಾಕಿಯೂ ಸರಿಹೋಗದ ಸಿಂಥೆಟಿಕ್ ಬ್ರಷ್‌ಗೆ ಚಿತ್ರ ಬರೆಯೋರು ಮಾಡೋ ಉಪಾಯ ಇದೆ. ಕೂದಲಿನ ತುದಿಭಾಗ ಮಾತ್ರ ಬಿಸಿಬಿಸಿ ನೀರಲ್ಲಿ ಕೆಲವೇ ಸೆಕೆಂಡ್ ಅದ್ದಿ ತೆಗೆದು ತಕ್ಷಣ ಆಕಾರ ಕೊಟ್ಟು ಆರಲು ಬಿಡೋದು, ಪ್ಲಾಸ್ಟಿಕ್ ಎಳೆ ಬಿಸಿಗೆ ಮೆತ್ತಗಾಗಿ ತಣ್ಣಗಾಗುವಾಗ ನೆಟ್ಟಗಾಗತ್ತೆ. ಪ್ರಾಣಿ ಕೂದಲಿಗೆ ಇದು ಬೇಡ. ಬ್ರಷ್‌ನ ಕತ್ತಿಗೆ, ಅಂದ್ರೆ ಕೂದಲನ್ನೂ ಹಿಡಿಯನ್ನೂ ಸೇರಿಸೋ ಲೋಹದ ಕೊಳವೆಗೆ, ಬಿಸಿನೀರು ಯಾವ ಕಾರಣಕ್ಕೂ ತಾಗಬಾರದು, ಒಳಗಿನ ಅಂಟು ಹೋಗತ್ತೆ.

ಈ ಕತ್ತಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೆಚ್ಚಿನ ಬ್ರಷ್ ಹಾಳಾಗೋದು ಅಲ್ಲೇ. ಕೂದಲಿನ ಬುಡ ಕತ್ತಿನೊಳಗೆ ಅಂಟಲ್ಲಿ ಕೂತಿರತ್ತೆ, ಕೆಳಗಿಂದ ಮರದ ಹಿಡಿ ಬಂದು ಸೇರತ್ತೆ. ನೀರು ಒಳಗೆ ಹೋದ್ರೆ ಅಂಟು ಸಡಿಲ, ಮರ ಊದ್ಕೊಂಡು ಆಮೇಲೆ ಒಣಗಿ ಕುಗ್ಗತ್ತೆ, ಹಿಡಿ ಲೊಡಲೊಡ ಅನ್ನತ್ತೆ. ಅದಕ್ಕೇ ತೊಳೆಯುವಾಗ ಕೂದಲು ಕೆಳಮುಖ, ಒಣಗಿಸುವಾಗಲೂ ಕೆಳಮುಖ ಅಥವಾ ಮೇಜಿನ ಅಂಚಲ್ಲಿ ಕೂದಲು ಹೊರಗೆ ಬರೋ ಹಾಗೆ ಮಲಗಿಸಿ. ಲೋಟದಲ್ಲಿ ತಲೆ ಮೇಲೆ ಮಾಡಿ ಒದ್ದೆ ಬ್ರಷ್ ನಿಲ್ಲಿಸಿದ್ರೆ ನೀರೆಲ್ಲ ಅಂಟಿಗೇ ಇಳಿಯತ್ತೆ. ಹಿಡಿ ಈಗಾಗಲೇ ಕಳಚಿದ್ರೆ ಪೂರ್ತಿ ಒಣಗಿಸಿ, ಹಳೇ ಅಂಟು ಕೆರೆದು, ಎರಡು ಟ್ಯೂಬ್ ಬೆರೆಸೋ ಎಪಾಕ್ಸಿ ಅಂಟು ಹಾಕಿ ಕೂರಿಸಿ, ಗಟ್ಟಿಯಾಗತ್ತೆ. ಕೂದಲೇ ಗೊಂಚಲು ಗೊಂಚಲಾಗಿ ಉದುರ್ತಿದ್ರೆ ಅದನ್ನ ಮನೇಲಿ ಸರಿ ಮಾಡೋದು ಕಷ್ಟ, ಬಿಡಿ. ಕೆದರಿದ್ದನ್ನ ಕತ್ತರಿಯಲ್ಲಿ ಸಮ ಮಾಡೋಕೂ ಹೋಗಬೇಡಿ, ಎಳೆಯ ತುದಿ ಸಣ್ಣಗಾಗುತ್ತಾ ಬರೋದ್ರಿಂದಲೇ ಬ್ರಷ್ ಮೆತ್ತಗಿರೋದು, ಕತ್ತರಿಸಿದ್ರೆ ಮೊಂಡು ತುದಿ ಚರ್ಮಕ್ಕೆ ಚುಚ್ಚತ್ತೆ.

ಇಷ್ಟು ತಿಳಿದ್ಮೇಲೆ ಸ್ಪಿನ್ನರ್ ಯಾಕೆ ಬೇಡ ಅಂತ ನಿಮಗೇ ಗೊತ್ತಾಗತ್ತೆ. ಬ್ರಷ್‌ನ ನೀರಿನ ಬಟ್ಟಲಲ್ಲಿ ಇಳಿಸಿ ತಿರುಗಿಸಿದ್ರೆ ನೀರು ಮೇಲೆದ್ದು ಕತ್ತಿಗೆ ನುಗ್ಗತ್ತೆ, ಕೂದಲು ಕೊಡೆ ಬಿಚ್ಚಿದ ಹಾಗೆ ಹರಡಿ ಹಾಗೇ ಒಣಗತ್ತೆ. ದಟ್ಟ ಬ್ರಷ್‌ನ ನಡುವಿನ ಕೊಳೆ ಅಲ್ಲೇ ಉಳಿಯತ್ತೆ, ಬಿಳಿ ಟಿಶ್ಯೂ ಮೇಲೆ ಒತ್ತಿ ನೋಡಿ. ದಪ್ಪ ಹಿಡಿಗೆ ಅದರ ರಬ್ಬರ್ ಕಾಲರ್ ಕೂರೋದೂ ಇಲ್ಲ.

ಎಷ್ಟು ದಿನಕ್ಕೊಮ್ಮೆ ತೊಳೀಬೇಕು ಅನ್ನೋರಿಗೆ, ಅಮೆರಿಕದ ಚರ್ಮವೈದ್ಯರ ಸಂಘ ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿ ಹೇಳೋದು 7ರಿಂದ 10 ದಿನಕ್ಕೆ ಒಂದ್ಸಲ. ಮೊಡವೆ ಜಾಸ್ತಿ ಇರೋರು ಫೌಂಡೇಶನ್ ಬ್ರಷ್ ವಿಷಯದಲ್ಲಿ ಇನ್ನೂ ಬೇಗ ತೊಳೆಯೋದು ಒಳ್ಳೇದು. ಮಧ್ಯೆ ಮಧ್ಯೆ 70% ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಥೆಟಿಕ್ ಬ್ರಷ್ ಮೇಲೆ ಸಿಂಪಡಿಸಿ ಒರೆಸಬಹುದು, ಅದು ತೊಳೆಯೋದಕ್ಕೆ ಬದಲಿ ಅಲ್ಲ, ಪ್ರಾಣಿ ಕೂದಲನ್ನ ಅದು ತುಂಬಾ ಒಣಗಿಸಿಬಿಡತ್ತೆ.

ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ, ಕಳೆದಿರೋ ಎರಡೂ ಸ್ಪಿನ್ನರ್‌ಗೇ. ಕವರ್ ಬಿಡಿಯಾಗೂ ಸಿಗ್ತಾವೆ, ಮನೇಲಿ ಸೌಮ್ಯವಾದ ಶಾಂಪೂ ಇದ್ರೆ ಕವರ್ ಒಂದೇ ತಗೊಳ್ಳಿ, ತಗೊಳ್ಳುವಾಗ ಬೇರೆ ಬೇರೆ ಸೈಜ್ ಇರೋ ಪ್ಯಾಕ್ ನೋಡಿ.