ಮೂರು ವರ್ಷ ಪೋಕರ್ ಟ್ರ್ಯಾಕರ್ ಬಳಸಿದ ಮೇಲೆ: ನಸೀಬಿನ ಲೆಕ್ಕ ಸಿಕ್ಕಿತು, ಸಮಾಧಾನ ಸಿಗಲಿಲ್ಲ

ಆನ್‌ಲೈನ್ ಪೋಕರಿನಲ್ಲಿ ಆಡಿದ ಪ್ರತಿ ಹ್ಯಾಂಡನ್ನೂ, ಅಂದರೆ ಎಲೆ ಹಂಚಿ ಆಡುವ ಪ್ರತಿ ಸುತ್ತನ್ನೂ, ಉಳಿಸಿಟ್ಟು ಗ್ರಾಫ್ ತೋರಿಸುವ ಸಾಫ್ಟ್‌ವೇರ್ ಇದು. ನನ್ನದರಲ್ಲಿ ಈಗ 1 ಲಕ್ಷಕ್ಕೂ ಜಾಸ್ತಿ ಹ್ಯಾಂಡ್ ಇವೆ. ಜೊತೆಗೆ ಕ್ರಿಕೆಟ್ ಫ್ಯಾಂಟಸಿಯನ್ನೂ ಆಡುತ್ತಿದ್ದೆ, ಅಂದರೆ ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ, ಅವರ ಆಟಕ್ಕೆ ಪಾಯಿಂಟ್ ಪಡೆಯುವುದು. ಅದರ ಲೆಕ್ಕ ಮಾತ್ರ ನೋಟ್‌ಬುಕ್ಕಿನಲ್ಲಿ.

ನಿಜ ಹೇಳಬೇಕೆಂದರೆ, ‘ನೀನು ಚೆನ್ನಾಗೇ ಆಡ್ತೀಯ, ನಸೀಬು ಕೆಟ್ಟಿದೆ ಅಷ್ಟೇ’ ಅನ್ನಿಸಿಕೊಳ್ಳಲು ಇದನ್ನು ಕೊಂಡೆ. ಗ್ರಾಫಿನಲ್ಲಿ ಎರಡು ಗೆರೆ ಇರುತ್ತವೆ. ಒಂದು ನಿಜವಾಗಿ ಬಂದ ಚಿಪ್ಸ್. ಇನ್ನೊಂದು ಇವಿ, ಅಂದರೆ ಆಲ್-ಇನ್ ಆದಾಗಿನ (ಇದ್ದ ಚಿಪ್ಸ್ ಎಲ್ಲ ಪಣಕ್ಕಿಟ್ಟಾಗಿನ) ಸಾಧ್ಯತೆಯ ಪ್ರಕಾರ ಬರಬೇಕಿದ್ದದ್ದು. ಜೋಡಿ ಎಕ್ಕ ಹಿಡಿದು ಜೋಡಿ ರಾಜನ ಎದುರು ಫ್ಲಾಪಿಗೆ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ಮೊದಲೇ ಎಲ್ಲ ಹಾಕಿದರೆ 100ಕ್ಕೆ ಸುಮಾರು 82 ಸಲ ಗೆಲುವು. ಉಳಿದ 18ರ ಪಾಲಿಗೆ ಸಿಕ್ಕಿ ಸೋತರೂ ಇವಿ ಗೆರೆ ಮೇಲಕ್ಕೇ ಏರುತ್ತದೆ. ನನ್ನ ಎರಡೂ ಗೆರೆಗಳು ಅಂಟಿಕೊಂಡೇ ಕೆಳಗಿಳಿಯುತ್ತಿದ್ದವು! ಎರಡು ದಿನ ಸಾಫ್ಟ್‌ವೇರ್ ತೆರೆಯಲಿಲ್ಲ. ಆಮೇಲೆ ಫಿಲ್ಟರ್ ಹಾಕಿ ನೋಡಿದೆ. ಬಿಗ್ ಬ್ಲೈಂಡಿನಲ್ಲಿ (ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಪಣ ಹಾಕುವ ಜಾಗ) ಕೂತು, ಹೇಗೂ ಅರ್ಧ ಹಾಕಿದ್ದೇನಲ್ಲ ಅಂತ ಕಳಪೆ ಎಲೆಗಳಿಗೂ ಕಾಲ್ ಮಾಡುತ್ತಿದ್ದೆ, ಅಂದರೆ ಎದುರಿನವನ ಪಣಕ್ಕೆ ಸಮನಾಗಿ ಹಾಕುತ್ತಿದ್ದೆ. ಸೋರುತ್ತಿದ್ದದ್ದು ಅಲ್ಲೇ.

ಇವಿ ಗೆರೆಯನ್ನೂ ಪೂರ್ತಿ ನಂಬಬೇಡಿ. ಅದು ಲೆಕ್ಕ ಹಿಡಿಯುವುದು ಆಲ್-ಇನ್ ಆದ ಮೇಲಿನ ಅದೃಷ್ಟವನ್ನು ಮಾತ್ರ. ನಿಮ್ಮ ಕೈಲಿ ಜೋಡಿ ರಾಜ, ಎದುರಿನವನ ಕೈಲಿ ಜೋಡಿ ಎಕ್ಕ ಬಿದ್ದು ಆಲ್-ಇನ್ ಆದರೆ ಗೆರೆ ದೊಪ್ಪನೆ ಕೆಳಗೆ. ತಪ್ಪೆಲ್ಲ ನಿಮ್ಮದೇ ಅನ್ನುವ ಹಾಗೆ. ಅಲ್ಲಿ ಜೋಡಿ ರಾಜನನ್ನು ಬಿಸಾಡುವವರು ಯಾರಿದ್ದಾರೆ, ಅಲ್ವಾ?

ನನಗೆ ಜಾಸ್ತಿ ಉಪಯೋಗವಾದದ್ದು ವೇರಿಯನ್ಸ್ ಕ್ಯಾಲ್ಕುಲೇಟರ್, ಅಂದರೆ ನಸೀಬಿನ ಏರಿಳಿತ ಲೆಕ್ಕ ಹಾಕುವ ಸಾಧನ. 100 ಹ್ಯಾಂಡಿಗೆ 5 ಬಿಗ್ ಬ್ಲೈಂಡಿನಷ್ಟು (ಆ ಕಡ್ಡಾಯ ಪಣವೇ ಇಲ್ಲಿ ಅಳತೆ) ಗೆಲ್ಲುವ ಒಳ್ಳೆಯ ಆಟಗಾರ ಅಂತ ಇಟ್ಟುಕೊಳ್ಳಿ. ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 100 ಹ್ಯಾಂಡಿಗೆ 100 ಬಿಗ್ ಬ್ಲೈಂಡ್. ಅಂಥವನೂ 10,000 ಹ್ಯಾಂಡ್ ಆಡಿ ನಷ್ಟದಲ್ಲಿರುವ ಸಾಧ್ಯತೆ ಸುಮಾರು 31%. ಲಕ್ಷ ಹ್ಯಾಂಡಿಗೆ ಹೋದರೆ ಅದು 6%ರ ಹತ್ತಿರ ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ, ನೋಡಿ.

ಇದನ್ನು ನೋಡಿದ ಮೇಲೆ ಫ್ಯಾಂಟಸಿ ನೋಟ್‌ಬುಕ್ ತೆಗೆದೆ. ಒಂದು ಸೀಸನ್‌ಗೆ ಬರೀ 62 ತಂಡ. ನಾಲ್ಕು ಟೇಬಲ್ ತೆರೆದರೆ ಅಷ್ಟು ಹ್ಯಾಂಡ್ ಕಾಲು ಗಂಟೆಗೆ ಮುಗಿಯುತ್ತವೆ. ಆ ಸೀಸನ್ ನಾನು ಲಾಭದಲ್ಲಿದ್ದೆ, ಅದೂ ಒಂದೇ ಪಂದ್ಯದಿಂದ. ಅವತ್ತು ಪಿಚ್ಚು, ಫಾರ್ಮು ಎಲ್ಲ ಅಳೆದು ಆರಿಸಿದ್ದ ಕ್ಯಾಪ್ಟನ್ ಟಾಸ್ ಹೊತ್ತಿಗೆ ಆಡುವ ಹನ್ನೊಂದರಲ್ಲೇ ಇರಲಿಲ್ಲ. ಗಡಿಬಿಡಿಯಲ್ಲಿ ಕ್ಯಾಪ್ಟನ್ ಜಾಗಕ್ಕೆ ಒಬ್ಬ ಬೌಲರ್ ಹೆಸರು ಒತ್ತಿದೆ. ಅವನು ಐದು ವಿಕೆಟ್ ಕಿತ್ತ, ಕ್ಯಾಪ್ಟನ್ ಆದ್ದರಿಂದ ಪಾಯಿಂಟ್ ಡಬಲ್. ಗೆಳೆಯರು ‘ಏನ್ ತಲೆನಪ್ಪಾ’ ಅಂದರು. ನಾನೂ ಸುಮ್ನೆ ತಲೆಯಾಡಿಸಿದೆ.

ಫ್ಯಾಂಟಸಿಯಲ್ಲಿ ಕೌಶಲ ಇಲ್ಲ ಅನ್ನುತ್ತಿಲ್ಲ. ಯಾರು ಎಷ್ಟನೇ ಕ್ರಮಾಂಕದಲ್ಲಿ ಬರುತ್ತಾನೆ, ಕೊನೆಯ ಓವರ್ ಯಾರದು ಅಂತ ತಿಳಿದವನಿಗೆ ಖಂಡಿತ ಮೇಲುಗೈ ಇದೆ. ಆದರೆ ಬಹುಮಾನದ ದೊಡ್ಡ ಪಾಲು ತುದಿಯ ಕೆಲವೇ ಜನಕ್ಕೆ ಹೋಗುತ್ತಿದ್ದ ದೊಡ್ಡ ಸ್ಪರ್ಧೆಯಲ್ಲಿ ಅದು ಕಾಣಲು ಎಷ್ಟು ಸೀಸನ್ ಬೇಕಿತ್ತೋ. ಅಲ್ಲಿ ಇವಿ ಗೆರೆಯೂ ಇರಲಿಲ್ಲ.

ಸಾಫ್ಟ್‌ವೇರ್ ತೊಂದರೆಗಳೂ ಇವೆ. ಡೇಟಾಬೇಸ್ ದೊಡ್ಡದಾದಂತೆ ತೆವಳುತ್ತದೆ. ಒಂದು ಅಪ್‌ಡೇಟ್ ಆದಾಗ 4,000 ಹ್ಯಾಂಡ್ ಮಾಯವಾದವು. ಕಂಪನಿಗೆ ಬರೆದರೆ ಒಂಬತ್ತು ದಿನ ಬಿಟ್ಟು ಬಂದ ಉತ್ತರ: ‘ರೀಸ್ಟಾರ್ಟ್ ಮಾಡಿ’.

ಐದಕ್ಕೆ ನಾಲ್ಕು ಸ್ಟಾರ್. ಚಂದಾ ಮುಂದುವರಿಸಿದ್ದೇನೆ. ಆ ಬೌಲರ್ ವಿಷಯ ಗೆಳೆಯರಿಗೆ ಇನ್ನೂ ಹೇಳಿಲ್ಲ.